ಅಂಟು ಅಂದರೆ ಏನು ಅಂತ

ಕಲಬುರಗಿಯ ಬೇಸಿಗೆ ಮಧ್ಯಾಹ್ನಗಳು ಎಂದೂ ನನಗೆ ಪೂರ್ತಿ ಎಚ್ಚರದಲ್ಲಿ ಕಂಡಂತೆ ನೆನಪಾಗುವುದಿಲ್ಲ. ತೊಂಬತ್ತರ ದಶಕದ ಕೊನೆಯ ಆ ಮಧ್ಯಾಹ್ನವೂ ಹಾಗೆಯೇ. ಮೋಮಿನಪುರಕ್ಕೆ ಹೋಗುವ ಗಲ್ಲಿಯಲ್ಲಿ, ಮಾಳಿಗೆಯ ಮೇಲೆ, ಅಪ್ಪನ ರೋಗಪರೀಕ್ಷೆ ಮಾಡುತ್ತಿದ್ದ ಡಾಕ್ಟರ ಪ್ರಯೋಗಾಲಯ. ಕಿಟಕಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿ. ಅದರ ತಂಪು ವಾಸನೆಗೆ ಕೆಳಗಿನ ರೊಟ್ಟಿ ಭಟ್ಟಿಯ ಬಿಸಿ ವಾಸನೆ ಸೇರಿ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಮಲಾಪುರದಿಂದ ಬಂದಿದ್ದ ಅಪ್ಪ, ಅವ್ವ ಪರದೆಯಾಚೆ ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ಡಾಕ್ಟರು ಮತ್ತು ನಾನು.

ಅಪ್ಪನಿಗೆ ಮೂತ್ರ ಕಟ್ಟುತ್ತಿತ್ತು. ಪ್ರೊಸ್ಟೇಟ್ ಗ್ರಂಥಿ ಬೆಳೆದಿದೆ ಎಂದು ಆಪರೇಷನ್ ಮಾಡಿ ಕೆರೆದು ತೆಗೆದರು. ತೆಗೆದ ಚೂರುಗಳಲ್ಲಿ ಕ್ಯಾನ್ಸರ್ ಕಂಡಿತು. ಅದು ಇದ್ದಲ್ಲೇ ಇರುತ್ತದೋ, ಎಲುಬಿಗೆ ಇಳಿಯುತ್ತದೋ ಎಂಬುದೊಂದೇ ಆಗ ನಮ್ಮ ಪ್ರಶ್ನೆ. ಡಾಕ್ಟರು ಚೂರುಗಳನ್ನು ಮೇಣದಲ್ಲಿ ಕೂರಿಸಿ ಹೈದರಾಬಾದಿಗೆ ಕಳಿಸಿ, ಅಲ್ಲಿ ಆಗಷ್ಟೇ ಶುರುವಾಗಿದ್ದ ಬಣ್ಣದ ಪರೀಕ್ಷೆ ಮಾಡಿಸಿ ತರಿಸಿದ್ದರು.

ಡಾಕ್ಟರು ಮೈಸೂರು ಕಡೆಯವರು. ರೋಗಿಯ ಮನೆಯವರೊಡನೆ ಇಂಗ್ಲಿಷ್ ಮಾತಾಡಬಾರದು ಎಂಬ ಹಟ ಅವರದು. ಪದ ಸಿಗದಿದ್ದರೆ ಛಾವಣಿ ನೋಡುತ್ತ ಕೂರುವರೇ ಹೊರತು ಇಂಗ್ಲಿಷಿಗೆ ಇಳಿಯುವವರಲ್ಲ.

"ನೋಡಿಮ್ಮ, ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡೋ ಪದಾರ್ಥ ಇದೆ," ಎಂದು ಛಾವಣಿ ನೋಡಿದರು. "ಅಂಟು ಅನ್ನಿ. ಅದು ಹೋದ್ರೆ ಕೋಶಗಳು ಬಿಡಿಬಿಡಿಯಾಗಿ ಎಲ್ಲಿಗೆ ಬೇಕಾದ್ರೂ ಹೊರಟುಬಿಡ್ತವೆ. ಕಂದು ಬಣ್ಣ ಹಿಡಿದಿರೋ ಕಡೆ ಅಂಟು ಇದೆ ಅಂತ ಅರ್ಥ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಮೊದಲು ನನ್ನದೇ ರೆಪ್ಪೆ ಕಂಡಿತು. ಆಮೇಲೆ ತೆಳು ನೀಲಿ ಬೆಳಕಿನಲ್ಲಿ ಕಂದು ಗೆರೆಯ ಸಣ್ಣ ಸಣ್ಣ ಮನೆಗಳು, ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿದ್ದವು. ಅಪ್ಪನ ಒಳಗೆ ಇಂಥ ಓಣಿಗಳಿವೆ ಎಂದು ಯಾರಿಗೆ ಗೊತ್ತಿತ್ತು? ಅಲ್ಲೇ ತಿರುಗಾಡುತ್ತಿದ್ದೇನೆ ಅನ್ನಿಸಿತು. ರೋಗವೇ ಅದು, ಗೊತ್ತಿತ್ತು. ಆದರೂ ಚೆಂದ ಕಂಡಿತು, ಹೆದರಿಕೆ ಆಗಲಿಲ್ಲ.

"ಅಂಟು ಇದೆ ಕಣಮ್ಮ, ಚೆನ್ನಾಗೇ ಇದೆ ಅಂಟು!" ಡಾಕ್ಟರು ಖುಷಿಗೆ ದನಿ ಏರಿಸಿದರು. ಆಮೇಲೆ ತಗ್ಗಿಸಿ, "ಇದು ಸೂಚನೆ ಅಷ್ಟೇ, ಖಾತ್ರಿ ಅಲ್ಲ. ಔಷಧಿ ತಪ್ಪಿಸಬೇಡಿ," ಎಂದರು.

ಹೊರಬಂದು, "ಛಲೋ ಬಂದದಪ್ಪಾ," ಎಂದೆ. ಅಪ್ಪ ನನ್ನ ಮುಖ ನೋಡಲಿಲ್ಲ. ಊರಿನ ಬಸ್ಸು ಹತ್ತುವಾಗಲೂ ಅಪ್ಪ, ಅವ್ವ ಇಬ್ಬರೂ ಮಾತಾಡಲಿಲ್ಲ. ದಣಿದಿದ್ದಾರೆ ಎಂದುಕೊಂಡು ಖೂಬಾ ಪ್ಲಾಟಿನ ನನ್ನ ಮನೆಗೆ ಬಂದು ಹಾಯಾಗಿ ಮಲಗಿದೆ.

ಕೆಲವು ವಾರಗಳ ಮೇಲೆ ಮಗಳನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಬಳಿ ಅಪ್ಪನ ಬಾಳೆಹಣ್ಣಿನ ಅಂಗಡಿ ಮುಚ್ಚಿತ್ತು. ಕೆಂಪು ಬಾಳೆಗೊನೆ ತೂಗದ ಆ ಅಂಗಡಿಯನ್ನು ನಾನು ಎಂದೂ ನೋಡಿರಲಿಲ್ಲ.

ಅಪ್ಪ ಪಡಸಾಲೆಯ ಮೂಲೆಯಲ್ಲಿ ಒಬ್ಬನೇ ಊಟಕ್ಕೆ ಕುಳಿತಿದ್ದ. ಪಕ್ಕದಲ್ಲಿ ಅವನದೇ ತಂಬಿಗೆ, ಅವನದೇ ಹಾಸಿಗೆ. ನನ್ನ ಮಗಳು ಓಡಿಹೋದರೆ ಗೋಡೆಗೆ ಒತ್ತಿಕೊಂಡ.

"ಬ್ಯಾಡವ್ವಾ, ದೂರ ನಿಂದ್ರು. ಮುಟ್ಟಬ್ಯಾಡ."

"ಯಾಕಪ್ಪಾ?"

"ಯಾಕಂತ ಕೇಳ್ತಿ? ಅಂಟು ಅದ ಅಂತ ಡಾಕ್ಟರು ಒದರಿ ಹೇಳ್ಯಾರ, ನನ್ನ ಕಿವೀಲೆ ಕೇಳೀನಿ. ನೀ ಸಮಾಧಾನಕ್ಕ ಛಲೋ ಅಂದಿ. ನಾ ಮುಟ್ಟಿದ ಹಣ್ಣು ಮಂದಿಗೆ ಹ್ಯಾಂಗ ಮಾರ್ಲಿ?"

ನಮ್ಮಲ್ಲಿ ಜಡ್ಡಿನ ಮಾತಿನ ನಡುವೆ ಅಂಟು ಎಂದರೆ ಅಂಟುರೋಗವೇ. ಡಾಕ್ಟರ ಅಚ್ಚಗನ್ನಡದ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಬೆನ್ನಿಗೇ ನಗು ಬಂತು, ತಡೆಯಲಾಗದಂಥ ನಗು. ಕಣ್ಣೊರೆಸಿಕೊಂಡು ಅಪ್ಪನ ಮುಂದೆ ಕುಳಿತು, ಒಂದು ಕೈಯ ಬೆರಳಲ್ಲಿ ಇನ್ನೊಂದರ ಬೆರಳು ಹೆಣೆದು ತೋರಿಸಿದೆ.

"ಅಂಟು ಅಂದ್ರ ಇದು. ಜಡ್ಡು ಹಿಂಗ ಒಂದಕ್ಕೊಂದು ಹಿಡಕೊಂಡು ಇದ್ದಲ್ಲೇ ಕುಂತದ, ಇನ್ನೂ ಎಲ್ಲೀಗೂ ಹೊಂಟಿಲ್ಲ ಅಂತ. ಮಂದಿಗೆ ಹತ್ತೂದಲ್ಲ. ಅದರಾಗ ಅದು ಬಂದದ್ದು ಗಂಡಸರಿಗಷ್ಟೇ ಇರೋ ಗ್ರಂಥಿಗೆ. ಅವ್ವಗ ಅದು ಇಲ್ಲೇ ಇಲ್ಲ!"

ಅಪ್ಪ ನನ್ನ ಬೆರಳುಗಳನ್ನೇ ನೋಡಿದ. "ಖರೇನ?" ಎಂದ. ಖರೆ ಎಂದೆ. ಮೊಮ್ಮಗಳತ್ತ ಕೈ ಚಾಚಿದ. ಅವಳು ಹೋಗಿ ಅವನ ತೊಡೆಯ ಮೇಲೆ ಕುಳಿತಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ಮಾತ್ರ ಸಮಾಧಾನವಾದಂತೆ ಕಾಣಲಿಲ್ಲ. ಮುಖ ಇಳಿದಿತ್ತು.

"ಹಂಗಾರ ನಂಗ ಅದು ಬರೂದೇ ಇಲ್ಲೇನ?"

"ಇಲ್ಲವ್ವಾ."

"ಮತ್ತ ನಾ ದಿನಾ ಅವರ ತಾಟಿನಾಗ ಉಂಡಿದ್ದು?"

ಅಪ್ಪ ತಲೆ ಎತ್ತಿದ. "ತಾಟು ಬ್ಯಾರೆ ಇಟ್ಟಿದ್ನಲ್ಲ? ನಿಂಗ ಹತ್ತಬಾರದಂತನ ಇಟ್ಟಿದ್ದೆ."

"ನೀವು ಕೈ ತೊಳೀಲಾಕ ಹೋದ ಕೂಡ್ಲೆ ಒಳಗ ಒಯ್ತಿದ್ದೆ. ನೀವು ಬಿಟ್ಟಿದ್ದ ರೊಟ್ಟಿ ಉಣ್ತಿದ್ದೆ."

"ಹುಚ್ಚಿ ಇದ್ದೀಯೇನ? ಅಂಟು ಅಂತ ನೀನೂ ಕೇಳಿದ್ಯಲ್ಲ?"

"ಕೇಳಿದ್ದೆ. ಅದಕ್ಕ ಉಂಡೆ," ಎಂದಳು ಅವ್ವ. "ನೀವು ಹೋದ ಮ್ಯಾಲ ನಾ ಒಬ್ಬಾಕಿ ಇದ್ದು ಏನ್ ಮಾಡ್ಲಿ?"

ಅಪ್ಪ ಅರ್ಧ ಉಂಡ ತಾಟನ್ನು ಅವಳ ಕಡೆ ಸರಿಸಿ, "ಬಾ, ಕುಂದ್ರು," ಎಂದ. ಅವ್ವ ನನ್ನ ಮುಂದೆ ನಾಚಿಕೊಂಡು, ಸೆರಗು ಸರಿಮಾಡಿಕೊಂಡು, ಬಂದು ಕುಳಿತಳು.