ಫರ್ಸಿ ಸರಿಸಿದ ಕಾಗೆ

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ನೌಕರಿ ಹೋಗಿತ್ತು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಪ್ಪಳ ಒಣಹಾಕುತ್ತಾರೆ, ಕೋಲು ಹಿಡಿದು ಕಾಗೆ ಓಡಿಸುವುದು ನನ್ನ ಕೆಲಸ. ಸಿಮೆಂಟ್ ಫ್ಯಾಕ್ಟರಿಯಿಂದ ರಿಟೈರ್ ಆದಮೇಲೆ ನನಗೆ ಉಳಿದಿರುವುದು ಅದೊಂದೇ. ಸೊಸೆ ಸೇಡಂ ಬಜಾರದಿಂದ ನೈಲಾನ್ ಬಲೆ ತಂದು ಹೊದಿಸಿ, ನಾಲ್ಕೂ ಮೂಲೆಗೆ ಫರ್ಸಿ ಕಲ್ಲು ಹೇರಿಬಿಟ್ಟಳು.

“ನೆಟ್ ಹಾಕೀನ್ರಿ ಮಾವಾರ. ಇನ್ನ ಕಾಯೂದು ಬ್ಯಾಡ್ರಿ, ಆರಾಮ ಮಲಕೋರಿ.”

“ಮಲಗಾಕ ನಾ ಏನ್ ಸತ್ತೀನೇನು?” ಎಂದು ಹರಿಹಾಯ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಮೇಲೆ ಹೋಗಿ, ಒಂದು ಮೂಲೆಯ ಫರ್ಸಿ ಸರಿಸಿ ಬಲೆ ಎತ್ತಿಟ್ಟೆ. ಸ್ವಲ್ಪ ಹೊತ್ತಿಗೆ ಕಾಗೆ ನುಗ್ಗಿತು. “ಬರ್ರಿ, ನೋಡ್ರಿ ನಿಮ್ಮ ನೆಟ್ಟಿನ ಹಣೇಬರಹ!” ಎಂದು ಕೂಗಿ ಮನೆಯವರನ್ನೆಲ್ಲ ಎಬ್ಬಿಸಿದೆ.

ನನ್ನಾಕೆ ಹತ್ತಿ ಬಂದು ಫರ್ಸಿ ನೋಡಿದಳು, ನನ್ನನ್ನೂ ನೋಡಿದಳು.

“ಇಷ್ಟ ದೊಡ್ಡ ಕಲ್ಲು ಸರಸೂ ಕಾಗಿ ನಮ್ಮ ಮನ್ಯಾಗ ಒಂದೇ ಅದ. ತಗೋರಿ ನಿಮ್ಮ ಕೋಲು, ಕುಂದ್ರಿ.”

ಈಗ ಮಾಳಿಗೆ ಮೇಲಿಂದಲೇ ಇದನ್ನು ಬರೆಯುತ್ತಿದ್ದೇನೆ. ಆ ಕಾಗೆ ನೀರಿನ ಟಾಕಿ ಮೇಲೆ ಕೂತು ಹಪ್ಪಳವನ್ನೇ ನೋಡುತ್ತಿದೆ. ಕೋಲು ಎತ್ತಿದ್ದೇನೆ, ಬೀಸಲು ಮನಸ್ಸು ಬರುತ್ತಿಲ್ಲ. ನನ್ನ ನೌಕರಿ ಉಳಿಸಿದ್ದು ಅದೇ.