ಶ್ರೀಶೈಲನ ಕಲ್ಲು ತಿಕ್ಕುವ ಕಸ್ತೂರೆವ್ವ

ಬೆಳಗಿನ ಐದೂವರೆ. ದೇವರ ಹಿಪ್ಪರಗಿಯ ಬಸ್ ನಿಲ್ದಾಣಕ್ಕೆ ತಾಳಿಕೋಟೆಯ ಮೊದಲ ಬಸ್ಸು ಇನ್ನೂ ಬಂದಿಲ್ಲ. ನಿಲ್ದಾಣದ ಕಸ ಗುಡಿಸುವ ಕಸ್ತೂರೆವ್ವ ಪೊರಕೆ ಬದಿಗಿಟ್ಟು, ಗೇಟಿನ ಪಕ್ಕದ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಡೀಸೆಲ್‌ನಲ್ಲಿ ಅದ್ದಿದ ಅರಿವೆ. ನಿನ್ನೆ ಅಮಾವಾಸ್ಯೆ, ಕಲ್ಲಿನ ಮೇಲೆ ಎಣ್ಣೆ, ಕುಂಕುಮ, ಭಂಡಾರ ಸೇರಿ ಬೆರಳು ದಪ್ಪದ ರಾಡಿ.

"ನೋಡ್ರಿ ಇವರ ಭಕ್ತಿ! ಹೆಸರ ಮುಚ್ಚಿ ಹೋಗೇತಿ," ಎಂದು ಗೊಣಗುತ್ತಲೇ ತಿಕ್ಕುತ್ತಾರೆ. ಕಾಲು ಗಂಟೆಯಾದ ಮೇಲೆ ಅಕ್ಷರ ಕಾಣುತ್ತವೆ: ಶ್ರೀಶೈಲ ಬಸಂತರಾಯ, ವಾಯುಪಡೆ.

ಶ್ರೀಶೈಲ ಇದೇ ಊರಿನ ಹುಡುಗ. ಎಪ್ಪತ್ತೊಂದರ ಯುದ್ಧದಲ್ಲಿ ಅವನಿದ್ದ ಬಾಂಬರ್ ವಿಮಾನ ಗುಂಡು ತಗುಲಿ ಸಮುದ್ರಕ್ಕೆ ಬಿತ್ತು. ಹೆಣ ಸಿಗಲಿಲ್ಲ. ತಾಯಿ ರೇಣವ್ವ ಈ ಕಲ್ಲು ನಿಲ್ಲಿಸಿ ದಿನವೂ ತೊಳೆಯುತ್ತಿದ್ದರು. ಕಣ್ಣು ಮಂಜಾದಾಗ, ಅಲ್ಲೇ ಕಸ ಗುಡಿಸುತ್ತಿದ್ದ ಕಸ್ತೂರೆವ್ವನನ್ನು ಕರೆದು ಆ ಕೆಲಸ ಒಪ್ಪಿಸಿದರು. ಅದಾಗಿ ಇಪ್ಪತ್ತೆಂಟು ವರ್ಷ. ರೇಣವ್ವ ಈಗಿಲ್ಲ.

ಬರೀ ಧೂಳು ಒರೆಸುವುದಾಗಿದ್ದರೆ ತಲೆನೋವೇ ಇರಲಿಲ್ಲ. ಹತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಹೊಸ ಟ್ರ್ಯಾಕ್ಟರ್ ತಂದು ಇಲ್ಲಿ ಕಾಯಿ ಒಡೆದ. ವಿಮಾನ ಓಡಿಸಿದವನು ಟ್ರ್ಯಾಕ್ಟರ್ ಕಾಯುವುದಿಲ್ಲವೇ ಎಂಬ ತರ್ಕ! ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದಲೂ ಹೊಸ ಬೈಕು, ಟಂಟಂ ಆಟೊ ಬರುತ್ತವೆ. ಅಮಾವಾಸ್ಯೆಗೆ ನಲವತ್ತು ಕಾಯಿ, ಬುಟ್ಟಿಗಟ್ಟಲೆ ನಿಂಬೆಹಣ್ಣು. ಕಲ್ಲಿಗೆ 'ವಿಮಾನಪ್ಪ' ಎಂಬ ಹೆಸರೂ ಬಿದ್ದಿದೆ. ಕಸ್ತೂರೆವ್ವ ಪೂಜೆಗೆ ಬಂದವರಿಂದಲೇ ದಬಾಯಿಸಿ ಒಂದು ಬಾಟಲಿ ಡೀಸೆಲ್ ಇಸಿದುಕೊಳ್ಳುತ್ತಾರೆ. ಬಳಿದವರು ಅವರು, ತೊಳೆಯಲು ಅವರದೇ ಡೀಸೆಲ್ ಆಗಲಿ ಎನ್ನುವುದು ಇವರ ವಾದ.

"ಅವ ಇಮಾನ ಹೊಡಿತಿದ್ದಿಲ್ರಿ! ಒಳಗ ಕುಂತು ನಕ್ಷಾ ನೋಡಿ ದಾರಿ ಹೇಳ್ತಿದ್ದ. ಸೈಕಲ್ ಸೈತ ನೆಟ್ಟಗ ಬರ್ತಿದ್ದಿಲ್ಲಂತ, ಅವರವ್ವನ ಹೇಳ್ಯಾಳ. ಎಷ್ಟ ಮಂದಿಗಿ ಹೇಳ್ಲಿ? ನನ್ನ ಬಾಯಿ ಸೋತು ಹೋತು."

ನಿನ್ನೆಯಂತೂ ಅವರ ಸಹನೆ ಪೂರ್ತಿ ತೀರಿತು. ಟೆಂಪೊ ಮಾಲೀಕ ಸಂಜೀವಕುಮಾರ ಭಕ್ತರನ್ನು ಕಟ್ಟಿಕೊಂಡು ಹಿತ್ತಾಳೆಯ ಮುಖವಾಡ ತಂದರು, ಅದಕ್ಕೆ ಗೇಣುದ್ದ ಮೀಸೆ ಬೇರೆ. ಕಲ್ಲಿಗೆ ತೊಡಿಸಿ ಸಿಮೆಂಟ್ ಹಾಕಿಬಿಟ್ಟರೆ ಹೆಸರು ಮತ್ತೆಂದೂ ಕಾಣುವುದಿಲ್ಲ. ಕಸ್ತೂರೆವ್ವ ಕಲ್ಲಿಗೆ ಬೆನ್ನು ಕೊಟ್ಟು ಕೂತುಬಿಟ್ಟರು.

"ದೊಡ್ಡ ದೇವರನ್ನ ಮಾಡಾಕತ್ತೀವಿ ಯವ್ವಾ. ಮರ್ಯಾದಿ ಅಲ್ಲೇನು?" ಎಂದರು ಸಂಜೀವಕುಮಾರ.

"ದೇವರು ಸಾಯಂಗಿಲ್ಲಪ. ಇವ ಸತ್ತಾನ. ಅವರವ್ವಗ ಕುಂತು ಅಳಾಕ ಈ ಹೆಸರ ಬಿಟ್ರ ಏನೂ ಉಳಿದಿದ್ದಿಲ್ಲ. ಅದನ್ನೂ ಮುಚ್ತಿ ಏನು?"

ಮುಖವಾಡ ಸದ್ಯ ಟೆಂಪೊದಲ್ಲೇ ವಾಪಸು ಹೋಗಿದೆ. ಬರುವ ಅಮಾವಾಸ್ಯೆಗೆ ಹಾಕಿಯೇ ತೀರುತ್ತೇವೆ ಎಂದು ಅವರು, ಬರಲಿ ನೋಡುತ್ತೇನೆ ಎಂದು ಇವರು.

ಹಾಗಾದರೆ ಪೂಜೆಯೇ ಬೇಡವೇ ಎಂದು ಕೇಳಿದರೆ ಕಸ್ತೂರೆವ್ವ ಅರಿವೆ ಹಿಂಡುತ್ತ ಸಿಡುಕುತ್ತಾರೆ: "ಕಾಯಿ ಒಡೀಲಿ ಬಿಡ್ರಿ, ನಾ ಯಾಕ ಬ್ಯಾಡನ್ಲಿ? ಮದ್ಲ ಒಂದ್ಸಲ ಕಲ್ಲ ಓದ್ಲಿ. ಇಪ್ಪತ್ಮೂರ ವರ್ಷಕ್ಕ ಸತ್ತಾನಂತ ಹೆಸರಿನ ಕೆಳಗ ಬರದೈತಿ. ಅದನ್ನ ಓದಿದ ಹುಡುಗೂರು ಗಾಡಿ ಸಾವಕಾಶ ಹೊಡಿತಾರ."