ಬೀದಿ ಮೂಲೆಯಲ್ಲಿ ನಿಂತ ಫೈರ್ ಇಂಜಿನ್

ಬೆಳಗ್ಗೆ ಏಳು ಇಪ್ಪತ್ತು. ಅಮಾವಾಸ್ಯೆ. ಎದುರು ಮನೆಯ ಮಹದೇವಮ್ಮ ಪೂಜೆಗೆ ಹೂವು ತರಲು ಹೋಗಿದ್ದರು. ನಾನು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಅವರ ಅಡುಗೆಮನೆ ಕಿಟಕಿಯಿಂದ ಹೊಗೆ ಬಂತು. ಒಗ್ಗರಣೆ ಸೀದಿರಬೇಕು ಅಂದುಕೊಂಡೆ. (ಬೇರೆಯವರ ಮನೆಯ ಹೊಗೆ ನಮಗೆ ಯಾವಾಗಲೂ ಒಗ್ಗರಣೆಯೇ.) ನೋಡನೋಡುತ್ತಲೇ ಕಿಟಕಿ ಕೆಂಪಾಯಿತು. ಗ್ಯಾಸ್ ಪೈಪಿಗೆ ಬೆಂಕಿ.

ನಮ್ಮದು ಕೊಳ್ಳೇಗಾಲದ ಹಳೇ ಬೀದಿ. ಗೋಡೆಗೆ ಗೋಡೆ ಅಂಟಿದ ಮನೆಗಳು, ಹಿಂಬಾಗಿಲಿಲ್ಲ. ಅಡುಗೆಮನೆ ದಾಟಿಯೇ ಒಳಕೋಣೆಗೆ ಹೋಗಬೇಕು. ಅಲ್ಲಿ ಮಹದೇವಮ್ಮನ ಅತ್ತೆ ಪುಟ್ಟಮ್ಮ ಇದ್ದರು. ಅವರಿಗೆ ನಡೆಯಲು ಆಗುವುದಿಲ್ಲ.

ಫೋನ್ ಮಾಡಿದೆ. ಫೈರ್ ಇಂಜಿನ್ ಬೇಗನೇ ಬಂತು. ಬಂದು ಬೀದಿ ಮೂಲೆಯಲ್ಲಿ ನಿಂತಿತು. ಒಳಗೆ ಬರುವುದು ಹೇಗೆ? ಎರಡೂ ಬದಿ ಕಾರು. ಲುಂಗಿಯಲ್ಲೇ ಓಡಿಬಂದವರು ತಮ್ಮ ತಮ್ಮ ಕಾರು ತೆಗೆದರು. ಬೀದಿಯ ಬಾಯಲ್ಲೇ ಕವರ್ ಹೊದ್ದು ನಿಂತಿದ್ದ ಒಂದು ಕಾರು ಮಾತ್ರ ಹಾಗೇ ಉಳಿಯಿತು. ಅದು ರಿಟೈರ್ಡ್ ಮೇಷ್ಟ್ರು ರಾಚಪ್ಪನವರದು; ತಳ್ಳಿದರೂ ಅಲುಗಲಿಲ್ಲ. ಅವರಿಗೆ ಫೋನ್ ಹಚ್ಚಿದೆ.

"ಮೇಷ್ಟ್ರೇ, ಎಲ್ಲಿದ್ದೀರಿ?"

"ಬೆಟ್ಟಕ್ಕೆ ಹೊಂಟಿವ್ನಿ ಕಣಪ್ಪ. ಬಸ್ಸು ಈಗ ತಾಳಬೆಟ್ಟದಲ್ಲಿ ಅದೆ."

"ಕಾರ್ ಕೀ?"

"ಜೋಬಲ್ಲೇ ಅದೆ. ಯಾಕ್ಲಾ?"

ಅವರು ಕಾರು ಕೊಂಡಿದ್ದೇ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಲು. ಮೊದಲ ಸಲವೇ ತಿರುವುಗಳಲ್ಲಿ ಹೆದರಿ ಅರ್ಧದಲ್ಲೇ ವಾಪಸ್ಸು ತಿರುಗಿಸಿದರಂತೆ. ಆಮೇಲೆ ಬಸ್ಸೇ ಗತಿ. ಆದರೆ ಕೀ ಮಾತ್ರ ಪ್ರತಿ ಅಮಾವಾಸ್ಯೆ ಬೆಟ್ಟಕ್ಕೆ ಹೋಗಿ, ಪೂಜೆ ಮಾಡಿಸಿಕೊಂಡು, ಕುಂಕುಮ ಹಚ್ಚಿಕೊಂಡು ಬರುತ್ತದೆ!

ನಾನೂ, ಎಲೆಕ್ಟ್ರಿಕಲ್ ಅಂಗಡಿ ಸಿದ್ದರಾಜುವೂ ಬಿಂದಿಗೆಯಲ್ಲಿ ನೀರು ಎರಚಿದೆವು. ಹೊಸ್ತಿಲು ದಾಟಲು ಬಿಸಿ ಬಿಡಲಿಲ್ಲ. ಒಳಗಿನಿಂದ "ಮಾದೇವಾ, ಮಾದೇವಾ" ಎಂಬ ದನಿ. ಫೈರ್ ಸ್ಟೇಷನ್ನಿನವರು ಪೈಪಿಗೆ ಪೈಪು ಜೋಡಿಸಿ, ಹೆಗಲ ಮೇಲೆ ಹೊತ್ತು, ಮೇಷ್ಟ್ರ ಕಾರಿನ ಪಕ್ಕ ಮೈ ಓರೆ ಮಾಡಿಕೊಂಡು ನುಸುಳುತ್ತಿದ್ದರು. ಅಷ್ಟರಲ್ಲಿ ದನಿ ನಿಂತಿತು.

ಪೈಪು ತಲುಪಿತು. ಪುಟ್ಟಮ್ಮನನ್ನು ಕಂಬಳಿಯಲ್ಲಿ ಸುತ್ತಿ ಹೊರಗೆ ತಂದರು. ಉಸಿರಿತ್ತು. ಒಂದು ತೋಳು ಸುಟ್ಟಿತ್ತು. ಹೂವಿನ ಪೊಟ್ಟಣ ಹಿಡಿದು ನಿಂತಿದ್ದ ಮಹದೇವಮ್ಮ ನಮ್ಮನ್ನೆಲ್ಲ ನೋಡಿ ಅಂದರು: "ನಿಮ್ ಕಾರ್ ನಿಲ್ಲಕ್ಕೆ ಜಾಗ ಅದೆ. ನಮ್ಮತ್ತೆ ಉಸ್ರಾಡಕ್ಕೆ ಇಲ್ವಲ್ಲಾ ಸಾ."

ಆ ವಾರ ಜಗಲಿಯ ಮೇಲೆ ಸೇರಿದೆವು. ವಾರಕ್ಕೊಮ್ಮೆ ಅಲುಗಾಡುವ ಕಾರಿಗೆ ದಿನವಿಡೀ ಬೀದಿ ಯಾಕೆ? ಎಲ್ಲರಿಗೂ ಸೇರಿ ಎರಡು ಕಾರು ಸಾಲದೇ? ಕೇಳಿದ್ದು ನಾನು. ಸಿದ್ದರಾಜು ಸಿಡುಕಿದ. "ನಾಳೆ ಹಲ್ಲುಜ್ಜೋ ಬ್ರಷ್ಷೂ ಹಂಚ್ಕಳಿ ಅಂತೀರಾ ಸಾ?"

ರಾಚಪ್ಪ ಮೇಷ್ಟ್ರು ತಲೆ ಎತ್ತದೆಯೇ ಹೇಳಿದರು. "ಲೇ, ಬ್ರಷ್ ತಂದು ಬೀದೀಲಿ ನಿಲ್ಲಿಸ್ತೀಯೇನ್ಲಾ? ಮೊದ್ಲು ನನ್ ಕಾರ್ ಮಾರ್ತೀನಿ."

ಎರಡು ಕಾರು ಎಲ್ಲರಿಗೂ ಸೇರಿ ಉಳಿಸಿಕೊಂಡು ಮಿಕ್ಕವನ್ನು ಮಾರುವುದೆಂದಾಯಿತು. ಪೆಟ್ರೋಲಿನ ವಿಷಯಕ್ಕೆ ಜಗಳವಾಗಲಿಲ್ಲ. ಜಗಳವಾದದ್ದು ಬೇರೆಯದಕ್ಕೆ. ಕಾರಲ್ಲಿ ಮಾಂಸ ತರಬಹುದೇ? (ಡಿಕ್ಕಿಯಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಎಂದಾಯಿತು.) ಸಾವಿನ ಮನೆಗೆ ಒಯ್ಯಬಹುದೇ? ಒಯ್ಯಬಹುದು, ತೊಳೆದು ತಂದು ಕೊಡಬೇಕು. ಗಂಡಿನ ಮನೆಯವರು ನೋಡಲು ಬಂದರೆ ಕಾರು ಯಾರದು ಅನ್ನಬೇಕು? ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಉಳಿದ ಎರಡು ಕಾರು ಈಗ ಬೀದಿಯ ಆಚೆಗಿನ ಖಾಲಿ ಸೈಟಿನಲ್ಲಿ ನಿಲ್ಲುತ್ತವೆ. ಕೀ ಮೂಲೆಯ ಟೈಲರ್ ಅಂಗಡಿಯಲ್ಲಿ. ಮೊನ್ನೆ ಯಳಂದೂರಿನ ಮದುವೆಗೆ ಎರಡು ಮನೆಯವರು ಒಟ್ಟಿಗೇ ಹೋದರು. ಒಂದೇ ದಿನ ಇಬ್ಬರಿಗೆ ಹನೂರಿಗೆ ಹೋಗಬೇಕಾಗಿ ಮುಖ ದಪ್ಪ ಮಾಡಿಕೊಂಡದ್ದೂ ಉಂಟು. ಸಂಜೆ ಹೆಂಗಸರು ಬಾಗಿಲ ಮುಂದೆ ಕೂತು ಹೂ ಕಟ್ಟುತ್ತಾರೆ. ಪುಟ್ಟಮ್ಮನ ಕುರ್ಚಿ ಬೀದಿಗೇ ಬಂದಿದೆ. ಹೋಗಿ ಬರುವವರನ್ನೆಲ್ಲ ತಡೆದು ವಿಚಾರಿಸುತ್ತಾರೆ. ಬೀದಿ ಇಷ್ಟು ಅಗಲ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಬೆಂಕಿ ಬಿದ್ದ ದಿನದಿಂದ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ದನಿ ನಿಲ್ಲುತ್ತಿತ್ತು, ನಾನು ಎದ್ದು ಕೂರುತ್ತಿದ್ದೆ. ಒಂದು ಭಾನುವಾರ ಮೇಷ್ಟ್ರ ಕಾರನ್ನು ಕೊಂಡವರು ಬಂದು ಒಯ್ದರು. ಅಂದು ರಾತ್ರಿ ಮಲಗಿದವನು ಬೆಳಗಾದ ಮೇಲೇ ಎದ್ದೆ.

ನಿಮ್ಮ ಬೀದಿಯಲ್ಲಿ ಫೈರ್ ಇಂಜಿನ್ ಯಾವ ಮನೆಯವರೆಗೆ ಬರುತ್ತದೆ, ನೋಡಿದ್ದೀರಾ?